ಚೈತ್ರ ಇಪ್ಪತ್ತು

ಶಿಕ್ಷಣ ಸಮಿತಿಯ ಕಚೇರಿ ನಗರಸಭೆಯ ನಾಲ್ಕನೆಯ ಮಹಡಿಯಲ್ಲಿದೆ. ಜೂನ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ನಾವು ನಾಲ್ವರು ಅಲ್ಲಿ ಚೀಟಿ ಹಿಡಿದು ಕುಳಿತಿದ್ದೆವು: ಟೋಪಲಾಲ್ ಕಂಡೆಲ್, ಅವನ ಹೆಂಡತಿ ಯಮಕಲಾ, ಹನ್ನೊಂದು ದಿನಗಳ ಹಿಂದೆ ನೇಪಾಳದಿಂದ ಬಂದಿಳಿದಿದ್ದ ಅವರ ಮಗಳು ಬಿಪನಾ ಮತ್ತು ನಾನು. ಟೋಪಲಾಲ್ ರೈಲು ನಿಲ್ದಾಣದ ಎದುರಿನ ಇಂಡಿಯನ್ ಕರಿ ಹೋಟೆಲಿನಲ್ಲಿ ಅಡುಗೆಯವನು. ನಮ್ಮೂರು ಗಲ್ಕೋಟಿನ ಶಾಲೆಯಲ್ಲಿ ಅವನಿಗೆ ಗಣಿತ ಕಲಿಸಿದವನು ನಾನು. ಹನ್ನೊಂದು ವರ್ಷ ಕಲಿಸಿದ ಮೇಲೆ ಸೀಮೆಸುಣ್ಣ ಬಿಟ್ಟು ಜಪಾನಿಗೆ ಬಂದೆ, ಇಪ್ಪತ್ತೆರಡು ವರ್ಷ ತಂದೂರಿ ಒಲೆಯ ಮುಂದೆ ನಿಂತೆ. ಈಗ ಒಲೆಯೂ ಇಲ್ಲ. ನಮ್ಮ ಕಡೆಯವರಿಗೆ ಕಚೇರಿಯ ಕೆಲಸ ಬಿದ್ದಾಗ ಬಾಯಾಗಿ ಜೊತೆಗೆ ಹೋಗುತ್ತೇನೆ.

ಕೇಳಬೇಕಾದದ್ದು ಒಂದೇ: ಬಿಪನಾಳನ್ನು ಮಧ್ಯಮ ಶಾಲೆಯ ಮೂರನೆಯ ವರ್ಷಕ್ಕೆ, ಅಂದರೆ ಒಂಬತ್ತನೆಯ ತರಗತಿಗೆ, ಸೇರಿಸಿಕೊಳ್ಳಬೇಕು. ಈ ದೇಶದಲ್ಲಿ ಪ್ರೌಢಶಾಲೆಯ ಪ್ರವೇಶ ಪರೀಕ್ಷೆಗೆ ಕೂರಬೇಕಾದರೆ ಒಂಬತ್ತು ವರ್ಷದ ಓದು ಮುಗಿದಿರಬೇಕು. ಅವಳದು ಮುಗಿದದ್ದು ಎಂಟು. ಒಂಬತ್ತನೆಯದು ಊರಿನಲ್ಲಿ ಆರಂಭವಾಗಿ ಆರು ವಾರವಾಗಿತ್ತು. ಸಾಕಿದ ಅಜ್ಜಿ ಚಳಿಗಾಲದಲ್ಲಿ ತೀರಿಕೊಂಡಿದ್ದಳು.

"ಈಗ್ಲೇ ಕರೆಸ್ಲಾ, ಒಂಬತ್ತನೇ ಪರೀಕ್ಷೆ ಮುಗಿಯೋವರ್ಗೂ ಚಿಕ್ಕಪ್ಪನ ಮನೇಲಿ ಬಿಡ್ಲಾ ಸರ್?" ಎಂದು ಟೋಪಲಾಲ್ ನನ್ನನ್ನು ಕೇಳಿದ್ದ.

ಈಗಲೇ ಕರೆಸು ಎಂದಿದ್ದೆ. ಇಲ್ಲಿನ ಶಾಲಾ ವರ್ಷ ಆರಂಭವಾಗುವುದು ಏಪ್ರಿಲ್ ಒಂದಕ್ಕೆ. ಪಾಸ್‌ಪೋರ್ಟಿನ ಪ್ರಕಾರ ಅವಳು ಹುಟ್ಟಿದ್ದೂ ಏಪ್ರಿಲ್ ಒಂದಕ್ಕೆ. ವರ್ಷದ ಮೊದಲ ದಿನ ಹುಟ್ಟಿದವಳು ಆ ವರ್ಷದ ತಂಡಕ್ಕೆ ಸೇರುತ್ತಾಳೆ, ಮೂರನೆಯ ವರ್ಷದ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳಾಗಿ ಕೂರುತ್ತಾಳೆ. ಇದರಲ್ಲಿ ಸಂಶಯಕ್ಕೆ ಜಾಗವಿದೆ ಎಂದು ನನಗೆ ತೋರಲಿಲ್ಲ.

ಹೊರಿಗುಚಿ ಎಂಬ ಅಧಿಕಾರಿಣಿ ಹುಡುಗಿಯ ನಿವಾಸ ಚೀಟಿಯನ್ನು ಎರಡೂ ಕೈಗಳಿಂದ ತೆಗೆದುಕೊಂಡಳು. ಮೇಜಿನ ಗಾಜಿನ ಕೆಳಗಿದ್ದ ಕೋಷ್ಟಕದ ಮೇಲೆ ಬೆರಳಾಡಿಸಿದಳು. ಬೆರಳು ನಿಂತಿತು.

"ಏಪ್ರಿಲ್ ಒಂದು... ಅದು ಸ್ವಲ್ಪ..."

ಈ ದೇಶದಲ್ಲಿ 'ಆಗುವುದಿಲ್ಲ' ಎನ್ನುವುದಿಲ್ಲ. ವಾಕ್ಯವನ್ನು ನಡುವೆ ಬಿಡುತ್ತಾರೆ. ಮುಗಿಸಿ ಹೇಳಿ ಎಂದು ನಾನು ಕೇಳಿಕೊಂಡೆ.

ಅವಳು ಮುಗಿಸಿದಳು. ಇಲ್ಲಿನ ಕಾನೂನಿನಲ್ಲಿ ಮನುಷ್ಯನಿಗೆ ವರ್ಷ ತುಂಬುವುದು ಹುಟ್ಟಿದ ದಿನದಂದಲ್ಲ, ಅದರ ಹಿಂದಿನ ದಿನದ ಕೊನೆಗೆ. ಏಪ್ರಿಲ್ ಒಂದರ ಮಗುವಿಗೆ ಮಾರ್ಚ್ ಮೂವತ್ತೊಂದಕ್ಕೇ ವರ್ಷ ತುಂಬುತ್ತದೆ. ಆದ್ದರಿಂದ ಅದು ಹಿಂದಿನ ತಂಡದ ಕೊನೆಯ ಮಗು. ಆ ತಂಡ ಮೂರು ತಿಂಗಳ ಹಿಂದೆ ಮಧ್ಯಮ ಶಾಲೆ ಮುಗಿಸಿ ಹೋಗಿದೆ.

"ವಯಸ್ಸು ದಾಟಿದೋರ್ನ ತಗೊಳ್ಳೋ ಪದ್ಧತಿ ನಮ್ಮ ಊರಲ್ಲಿ ಇಲ್ಲ. ಎರಡನೇ ತಾರೀಕಾಗಿದ್ರೆ ಈ ವಾರವೇ ಸೇರಿಸ್ಕೊತಿದ್ವಿ. ತುಂಬಾ ಬೇಜಾರಾಗ್ತಿದೆ."

"ಒಂದು ದಿನ," ಎಂದೆ.

"ಹೌದು. ಒಂದು ದಿನ." ಅವಳು ತಲೆ ಬಾಗಿಸಿದಳು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಾಗಿಸಿಯೇ ಇದ್ದಳು.

ಆಮೇಲೆ ಎರಡು ಕಾಗದ ಕೊಟ್ಟಳು. ಒಂದರಲ್ಲಿ ಸಂಜೆಯ ಮಧ್ಯಮ ಶಾಲೆಯ ವಿಳಾಸ. ಅದಿರುವುದು ಎರಡು ಗಂಟೆ ರೈಲು ದಾರಿಯ ದೊಡ್ಡ ಊರಿನಲ್ಲಿ. ಪಾಠ ಮುಗಿಯುವ ಹೊತ್ತಿಗೆ ನಮ್ಮ ಊರಿಗೆ ಮರಳುವ ರೈಲು ಇಲ್ಲ. ಇನ್ನೊಂದರಲ್ಲಿ ಅಕ್ಟೋಬರ್ ತಿಂಗಳಲ್ಲಿ ನಡೆಯುವ ಮಧ್ಯಮ ಶಾಲೆಗೆ ತತ್ಸಮಾನವಾದ ಪರೀಕ್ಷೆಯ ವಿವರ. ಐದು ವಿಷಯ, ಎಲ್ಲ ಪ್ರಶ್ನೆಯೂ ಜಪಾನಿ ಭಾಷೆಯಲ್ಲಿ. ಬಿಪನಾಗೆ ಆಗ ಬರುತ್ತಿದ್ದದ್ದು ಮೂರು ಜಪಾನಿ ಪದ.

ಮಧ್ಯಾಹ್ನ ಮೂರಕ್ಕೆ ಹೋಟೆಲಿನ ಬಾಗಿಲಿಗೆ 'ತಯಾರಿಯಲ್ಲಿದ್ದೇವೆ' ಎಂಬ ಫಲಕ ಬೀಳುತ್ತದೆ. ಅಡುಗೆಯವರು ಉಣ್ಣುವುದು ಆಗ. ಯಮಕಲಾ ಬೆಂಟೊ ಎಂಬ ಡಬ್ಬಿ ಊಟದ ಕಾರ್ಖಾನೆಯ ಕೆಲಸಕ್ಕೆ ಆ ದಿನ ರಜೆ ಹಾಕಿದ್ದಳು. ನಾಲ್ಕು ತಟ್ಟೆಗೆ ಅನ್ನ, ಬೇಳೆ, ಸೊಪ್ಪು ಬಡಿಸಿದಳು. ಯಾರೂ ಕೈ ಹಾಕಲಿಲ್ಲ.

"ಏಪ್ರಿಲ್ಲು ಗೀಪ್ರಿಲ್ಲು ನಂಗೊತ್ತಿಲ್ಲ," ಎಂದಳು. "ನಾನು ಹೆತ್ತಿದ್ದು ಚೈತ್ರ ಇಪ್ಪತ್ತಕ್ಕೆ, ಕೋಳಿ ಕೂಗೋಕ್ ಮುಂಚೆ. ಅದನ್ನ ಏಪ್ರಿಲ್ ಒಂದು ಅಂತ ಮಾಡಿದೋರು ಯಾರು?"

ಟೋಪಲಾಲ್ ತಟ್ಟೆಯನ್ನೇ ನೋಡುತ್ತಿದ್ದ.

ಮಾಡಿದವನು ನಾನು. ಹದಿನೈದು ವರ್ಷದ ಹಿಂದೆ ರಜೆಯ ಮೇಲೆ ಊರಿಗೆ ಹೋಗಿದ್ದೆ. ಜನನ ನೋಂದಣಿಯ ಕಾಗದದಲ್ಲಿ ಎರಡು ಚೌಕಗಳಿರುತ್ತವೆ, ಒಂದು ನಮ್ಮ ತಾರೀಕಿಗೆ, ಒಂದು ಇಂಗ್ಲಿಷ್ ತಾರೀಕಿಗೆ. ಕಚೇರಿಯ ಕಾರ್ಯದರ್ಶಿ ಪಂಚಾಂಗವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡು ಜಿಲ್ಲಾ ಕೇಂದ್ರ ಬಾಗ್ಲುಂಗಿಗೆ ಹೋಗಿದ್ದ. ಟೋಪಲಾಲ್ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದ. ನಾನಿದ್ದಾಗ ಊರಿನವರು ಪಂಚಾಂಗ ಹುಡುಕುತ್ತಿರಲಿಲ್ಲ.

ನಮ್ಮ ನೇಪಾಳದ ಲೆಕ್ಕದಲ್ಲಿ ಚೈತ್ರ ವರ್ಷದ ಕೊನೆಯ ತಿಂಗಳು. ಅದಕ್ಕೆ ಒಂದು ವರ್ಷ ಮೂವತ್ತು ದಿನ, ಇನ್ನೊಂದು ವರ್ಷ ಮೂವತ್ತೊಂದು. ಇದಕ್ಕೆ ಸೂತ್ರವಿಲ್ಲ, ನೋಡಿಯೇ ತಿಳಿಯಬೇಕು. ಹನ್ನೊಂದು ವರ್ಷ ಮಕ್ಕಳಿಗೆ ಇದನ್ನು ಹೇಳಿದವನೂ ನಾನೇ. ಆ ವರ್ಷ ಹೊಸ ವರ್ಷ ಏಪ್ರಿಲ್ ಹದಿಮೂರಕ್ಕೆ ಬಂದಿತ್ತು. ಚೈತ್ರಕ್ಕೆ ಮೂವತ್ತೊಂದು ದಿನ ಎಂದು ಹಿಡಿದು ಅಲ್ಲಿಂದ ಹಿಂದಕ್ಕೆ ಎಣಿಸಿದೆ. ನಿಂತಲ್ಲೇ ಬರೆದುಕೊಟ್ಟೆ.

ಈಗ ಫೋನಿನಲ್ಲಿ ಹಳೆಯ ಪಂಚಾಂಗ ತೆರೆದೆ. ಆ ಚೈತ್ರಕ್ಕೆ ಇದ್ದದ್ದು ಮೂವತ್ತೇ ದಿನ. ಇಪ್ಪತ್ತನೆಯ ದಿನ ಏಪ್ರಿಲ್ ಎರಡು. ಮೂರು ಸಲ ನೋಡಿ ಫೋನನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟೆ.

ಮೊದಲು ಓದಿದವಳು ಬಿಪನಾ. "ಹಂಗಾದ್ರೆ ನಾನು ಶಾಲೆಗೆ ಹೋಗ್ಬಹುದು, ಬಾಜೆ," ಎಂದಳು. ನಮ್ಮಲ್ಲಿ ಅಜ್ಜನಿಗೆ ಬಾಜೆ ಎನ್ನುತ್ತೇವೆ.

ಟೋಪಲಾಲ್ ನಕ್ಕ. ಕೇಳಲು ಹಿತವಾದ ನಗುವಲ್ಲ.

"ಏಳನೇ ಕ್ಲಾಸಲ್ಲಿ ಒಂದು ಮೈನಸ್ ಗೆರೆ ಬಿಟ್ಟೆ ಅಂತ ಅರ್ಧ ಗಂಟೆ ನನ್ನ ಕಿವಿ ಹಿಡಿಸಿ ನಿಲ್ಸಿದ್ರಿ. ನೆನಪಿದ್ಯಾ ಸರ್?"

"ಇದೆ."

"ಈಗ ನಿಮ್ಮನ್ನ ಎಲ್ಲಿ ನಿಲ್ಲಿಸ್ಲಿ?"



ಮರುದಿನ ಟೋಪಲಾಲನನ್ನು ಕರೆದುಕೊಂಡು ವೀಸಾ ಕಾಗದ ಬರೆಯುವವನ ಬಳಿಗೆ ಹೋದೆ. ಅವನು ಜಪಾನಿನವನು, ಪ್ರಾಮಾಣಿಕ. ಎಲ್ಲವನ್ನೂ ಕೇಳಿದ. ಮೊದಲು ನೇಪಾಳದಲ್ಲಿ ಜನನ ನೋಂದಣಿ ತಿದ್ದಿಸಬೇಕು, ಆಮೇಲೆ ಪಾಸ್‌ಪೋರ್ಟ್, ಆಮೇಲೆ ನಿವಾಸ ಚೀಟಿ. ನಾಲ್ಕರಿಂದ ಆರು ತಿಂಗಳು. ಅಷ್ಟರಲ್ಲಿ ಮುಗಿದರೆ ಹುಡುಗಿ ವರ್ಷದ ಕೊನೆಯ ಭಾಗಕ್ಕಾದರೂ ಮಧ್ಯಮ ಶಾಲೆಗೆ ಸೇರಿ ಮಾರ್ಚ್‌ನಲ್ಲಿ ಮುಗಿಸಬಹುದು.

"ಆದ್ರೆ ಕಂಡೆಲ್ ಅವರ ವೀಸಾ ನವೀಕರಣ ಆಗಸ್ಟಲ್ಲಿದೆ. ಮಗಳ ಕಾಗದ ಎಲ್ಲ ಅದೇ ಕಡತದಲ್ಲಿರುತ್ತೆ. ಒಬ್ಬಳೇ ಹುಡುಗಿಗೆ ಎರಡು ಹುಟ್ಟಿದ ದಿನ. ಎರಡರಲ್ಲಿ ಒಂದು ಸುಳ್ಳು. ಅದೂ ಶಾಲೇಲಿ ಸೀಟು ಸಿಗಲ್ಲ ಅಂದ ಮಾರನೇ ದಿನಾನೇ ತಾರೀಕು ಬದಲಾಯ್ತು. ನಾನು ಅಧಿಕಾರಿ ಆಗಿದ್ರೂ ನಂಬ್ತಿರ್ಲಿಲ್ಲ."

"ನಂಬದಿದ್ದರೆ?"

"ನವೀಕರಣ ಆಗದೇ ಇರಬಹುದು. ಹಂಗಾದ್ರೆ ಮೂರೂ ಜನ ಹೊರಡಬೇಕು. ಆಗಲೂಬಹುದು. ನಾನು ಮಾತು ಕೊಡಕ್ಕಾಗಲ್ಲ."

ತಪ್ಪು ನನ್ನದೆಂದು ಬರೆದು ಸಹಿ ಹಾಕುತ್ತೇನೆ ಎಂದೆ.

"ಆಗ ನೀವು ಯಾವ ಅಧಿಕಾರದಲ್ಲಿದ್ರಿ?"

"ಯಾವುದರಲ್ಲೂ ಇಲ್ಲ. ಅದಕ್ಕೂ ಮುಂಚೆ ಗಣಿತದ ಮೇಷ್ಟ್ರಾಗಿದ್ದೆ."

ಅವನು ಅದನ್ನು ಬರೆದುಕೊಳ್ಳಲಿಲ್ಲ.

ಟೋಪಲಾಲ್ ತೀರ್ಮಾನಕ್ಕೆ ಒಂದು ವಾರ ತೆಗೆದುಕೊಂಡ. ಹೇಳಿದ್ದು ಫಲಕ ಬಿದ್ದ ಹೊತ್ತಿನಲ್ಲೇ, ಸಂಜೆಯ ನಾನ್ ರೊಟ್ಟಿಗೆ ಹಿಟ್ಟು ನಾದುತ್ತ. ಹೆಂಡತಿ ಮಗಳು ಇಬ್ಬರೂ ಅಲ್ಲಿಯೇ ಈರುಳ್ಳಿ ಸುಲಿಯುತ್ತಿದ್ದರು.

"ತಿದ್ದಿಸಲ್ಲ ಸರ್. ಹನ್ನೆರಡು ವರ್ಷ ಈ ಹಿಟ್ಟು ನಾದಿದೀನಿ. ಅದನ್ನ ಒಂದು ದಿನದ ಮೇಲೆ ಪಣಕ್ಕಿಡಲ್ಲ."

"ನನ್ನನ್ನ ಯಾರೂ ಕೇಳಲ್ವಾ?" ಎಂದಳು ಬಿಪನಾ.

"ಕೇಳಿದ್ರೆ ಏನಂತೀಯ?" ಎಂದ ಅಪ್ಪ.

"ತಿದ್ದಿಸಿ ಅಂತೀನಿ. ಆಗಲ್ಲ ಅಂದ್ರೆ ವಾಪಸ್ ಕಳ್ಸಿ ಬುವಾ. ಚಿಕ್ಕಪ್ಪನ ಮನೇಲಿ ಇದ್ದು ಒಂಬತ್ತು ಮುಗಿಸ್ಕೊಂಡು ಬರ್ತೀನಿ. ಶಾಲೇಲಿ ನನ್ನ ಹೆಸರು ಇನ್ನೂ ಹೊಡೆದಿರಲ್ಲ."

ಯಮಕಲಾ ಚಾಕು ಕೆಳಗಿಟ್ಟಳು. "ಆರು ವರ್ಷ ನಿನ್ನ ಫೋನಲ್ಲಿ ಸಾಕಿದೀನಿ. ಜ್ವರ ಬಂದಾಗ ಫೋನು, ಮೈನೆರೆದಾಗ ಫೋನು. ಅಜ್ಜಿ ಸತ್ತಾಗ ನೀನು ಅತ್ತಿದ್ದನ್ನೂ ಫೋನಲ್ಲೇ ನೋಡ್ದೆ. ಈಗ ಎದೆಯುದ್ದ ಬೆಳೆದ ಹುಡುಗೀನ ಅಜ್ಜಿ ಇಲ್ದಿರೋ ಊರಿಗೆ ಕಳಿಸ್ಲಾ? ಆಗಲ್ಲ. ಓದು ಹೋದ್ರೆ ಹೋಗ್ಲಿ."

"ನಿಂದು ಹೋಗಲ್ವಲ್ಲ ಆಮಾ, ನಂದು ತಾನೇ," ಎಂದಳು ಮಗಳು.

ತಾಯಿ ಕೈ ಎತ್ತಿದಳು. ಹೊಡೆಯಲಿಲ್ಲ. ಆ ಕೈಯಿಂದಲೇ ಮುಖ ಒರೆಸಿಕೊಂಡು ಈರುಳ್ಳಿಯ ಘಾಟು ಎಂದಳು. ಟೋಪಲಾಲ್ ಹಿಟ್ಟನ್ನು ಉಂಡೆಗಳಾಗಿ ಕತ್ತರಿಸಿ ಒದ್ದೆ ಬಟ್ಟೆ ಮುಚ್ಚಿದ. ಮಾತು ಅಲ್ಲಿಗೆ ಮುಗಿಯಿತು.

ನಾನು ಒಬ್ಬನೇ ಇನ್ನೊಮ್ಮೆ ನಾಲ್ಕನೆಯ ಮಹಡಿಗೆ ಹೋದೆ, ಪಂಚಾಂಗದ ಪುಟವನ್ನು ಮುದ್ರಿಸಿಕೊಂಡು. ಹೊರಿಗುಚಿ ಅದನ್ನು ಶ್ರದ್ಧೆಯಿಂದ ನೋಡಿದಳು. ನಿವಾಸ ಚೀಟಿಯಲ್ಲಿ ಯಾವ ದಿನವಿದೆಯೋ ಅದೇ ದಿನ ಎಂದಳು. ಅವಳ ಜಾಗದಲ್ಲಿ ಕುಳಿತಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ.

ಬಿಪನಾ ಒಂದು ತಿಂಗಳು ಮನೆಯಲ್ಲಿದ್ದಳು. ಬೆಳಿಗ್ಗೆ ಎಂಟಕ್ಕೆ ಅಪ್ಪ ಅಮ್ಮ ಹೊರಡುತ್ತಿದ್ದರು. ಅದೇ ಹೊತ್ತಿಗೆ ಕಿಟಕಿಯ ಕೆಳಗೆ ಸಮವಸ್ತ್ರದ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ನಾನು ದಿನ ಬಿಟ್ಟು ದಿನ ಹೋಗಿ ಗಣಿತ ಹೇಳಿಕೊಟ್ಟೆ. ಲೆಕ್ಕ ಚುರುಕಾಗಿ ಮಾಡುತ್ತಿದ್ದಳು. ಪ್ರಶ್ನೆಯನ್ನು ನಾನು ಓದಿ ಹೇಳಬೇಕಾಗಿತ್ತು. ಮೂರನೆಯ ವಾರ ಅವಳು ಪುಸ್ತಕ ತೆರೆಯಲಿಲ್ಲ. "ಸುಮ್ನೆ ಕೂತು ಗೋಡೆ ನೋಡ್ತಾಳೆ ಸರ್," ಎಂದು ಯಮಕಲಾ ಹೇಳಿದಳು. "ನಮ್ಮ ಕಾರ್ಖಾನೇಲಿ ಜನ ಬೇಕಂತೆ. ನನ್ನ ಕಣ್ಣೆದುರಿಗಾದ್ರೂ ಇರ್ತಾಳೆ."

ಜುಲೈ ಕೊನೆಯಲ್ಲಿ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನು. ತಾಯಿ ಒಳಗೆ ಪಾಳಿಯಲ್ಲಿದ್ದಳು. ಸಕುಮಾ ಎಂಬ ಮೇಲ್ವಿಚಾರಕ ನಮಗೆ ತಣ್ಣನೆಯ ಚಹಾ ಕೊಟ್ಟ. ವಾರಕ್ಕೆ ಇಪ್ಪತ್ತೆಂಟು ಗಂಟೆ ಮೀರುವಂತಿಲ್ಲ ಎಂಬ ಅನುಮತಿಯ ಮುದ್ರೆಯನ್ನು ಚೀಟಿಯ ಹಿಂಬದಿಯಲ್ಲಿ ನೋಡಿಕೊಂಡ. ದಿನಕ್ಕೆ ಏಳು, ವಾರಕ್ಕೆ ನಾಲ್ಕು ದಿನ ಎಂದ. ಆಮೇಲೆ ಚೀಟಿಯ ಮುಂಬದಿ ನೋಡಿದ. ಹುಟ್ಟಿದ ದಿನದ ಮೇಲೆ ಬೆರಳಿಟ್ಟು ತುಟಿಯಲ್ಲಿಯೇ ಎಣಿಸಿದ. ಹದಿನೈದು ತುಂಬಿದ ಮೇಲೆ ಬರುವ ಮಾರ್ಚ್ ಮೂವತ್ತೊಂದು ಕಳೆಯುವ ತನಕ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದೆಂದು ಇಲ್ಲಿ ಕಾನೂನಿದೆ.

"ಏಪ್ರಿಲ್ ಒಂದಾ? ಹಂಗಾದ್ರೆ ಈ ಮಾರ್ಚ್‌ಗೇ ಮುಗೀತು, ಸಾಕು. ಎರಡನೇ ತಾರೀಕಾಗಿದ್ರೆ ಬರೋ ವರ್ಷದವರ್ಗೂ ತಗೊಳ್ಳೋ ಹಾಗಿರ್ಲಿಲ್ಲ. ಅದೃಷ್ಟವಂತೆ. ಹೇಳಿ ಅವಳಿಗೆ."

ಹೇಳಿದೆ. ಒಂದು ಪದವನ್ನೂ ಬಿಡದೆ ಹೇಳಿದೆ.

ಬಿಪನಾ ಲೋಟವನ್ನು ಮೇಜಿನ ಮೇಲಿಟ್ಟಳು.

"ಬಾಜೆ," ಎಂದಳು, "ನಾನು ಹುಟ್ಟಿದ್ದು ಎರಡನೇ ತಾರೀಕು ಅಂತ ಇವ್ರಿಗೆ ಹೇಳಿ."

ಸಕುಮಾ ನನ್ನ ಕಡೆ ತಿರುಗಿದ. "ಏನಂತಾಳೆ?"

ಟೋಪಲಾಲನ ನವೀಕರಣಕ್ಕೆ ಇನ್ನು ಹದಿನೇಳು ದಿನ ಉಳಿದಿತ್ತು. ಕೆಲಸಕ್ಕೆ ಯಾವಾಗ ಬರಬೇಕೆಂದು ಕೇಳುತ್ತಿದ್ದಾಳೆ ಎಂದೆ.

"ಸೋಮವಾರ," ಎಂದ ಸಕುಮಾ, ಬಿಳಿ ಟೋಪಿಯ ಅಳತೆ ನೋಡಲು ಎದ್ದ.