ಅಲ್ಲಾಡದೆ ಕೂತವರು

ಗಂಡ ಸಂದೀಪನಿಂದ ಬೇರೆಯಾಗಿ ಸವದತ್ತಿಯ ಹೈಸ್ಕೂಲಿಗೆ ವರ್ಗ ಮಾಡಿಸಿಕೊಂಡು ಬಂದ ಮೇಲೆ ದುರ್ಗಾಳಿಗೆ ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಗಣಿತದ ಪಾಠ, ಮಕ್ಕಳ ಗಲಾಟೆ, ಪೇಪರು ತಿದ್ದುವ ಕೆಲಸ. ಐತವಾರ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಬಾಡಿಗೆ ಖೋಲಿಯಲ್ಲಿ ಸಂಜೆಯವರೆಗೂ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅಂಥದೊಂದು ಐತವಾರ ಬೈಲಹೊಂಗಲಕ್ಕೆ ಹೋಗಿ, ತನ್ನ ಫೋಟೊ ಸ್ಟುಡಿಯೊವನ್ನು ಕಾಯಂ ಮುಚ್ಚುತ್ತಿದ್ದ ನಿಂಗರಾಜನಿಂದ ಹಳೆಯ ಕ್ಯಾಮೆರಾ ಕೊಂಡು ತಂದಳು.

ನಿಂಗರಾಜ ಅದನ್ನು ಆಟೊದಿಂದ, ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕಾದ ಮ್ಯಾನುವಲ್‌ಗೆ ತಿರುಗಿಸಿ ಕೊಟ್ಟಿದ್ದ. "ಅಪರ್ಚರ್ ಅಂದ್ರ ಮಾಳಗಿ ಮನಿ ಬೆಳಕಿಂಡಿ ಇದ್ದಂಗ್ರಿ. ದೊಡ್ಡದಿದ್ರ ಬೆಳಕ ಬಾಳ ಬರತೈತಿ. ಆ ಕಿಂಡಿ ಎಷ್ಟೊತ್ತು ತೆರದಿಡತೀರಿ ಅನ್ನೂದು ಶಟರ್. ಐಎಸ್‌ಒ ಅಂದ್ರ ಕಣ್ಣಿನ ಚುರುಕ. ಅದನ್ನ ಬಾಳ ಏರಿಸಿದ್ರ ಫೋಟೊದಾಗ ರವಾ ಚೆಲ್ಲಿದಂಗ ಕಾಣತೈತಿ."

ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು. ಗಣಿತದವಳಿಗೆ ಲೆಕ್ಕ ತಿಳಿಯಿತು, ಕೈಗೆ ತಿಳಿಯಲಿಲ್ಲ. ಮೊದಮೊದಲು ತೆಗೆದವೆಲ್ಲ ಒಂದೋ ಹಿಟ್ಟಿನಂತೆ ಬೆಳ್ಳಗೆ, ಇಲ್ಲವೇ ರೊಟ್ಟಿ ಹಂಚಿನಂತೆ ಕಪ್ಪಗೆ ಬಂದವು. ತಪ್ಪುವುದನ್ನು ಯಾರೂ ನೋಡದ ಜಾಗ ಬೇಕೆಂದು ಬಸ್ಸು ಹಿಡಿದು ಹೂಲಿಯ ಹಳೆಯ ಗುಡಿಗೆ ಹೋಗತೊಡಗಿದಳು. ಒಳಗೆ ಕತ್ತಲೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಕಿಂಡಿ ಕಿರಿದು ಮಾಡಿ, ಶಟರ್ ಸುಮಾರು ಹೊತ್ತು ತೆರೆದಿಟ್ಟರೆ ಕಂಬಗಳು ಒಂದೊಂದೇ ಗೆರೆಯಾಗಿ ಮೂಡುತ್ತಿದ್ದವು. ಕಂಬಗಳು ಏನನ್ನೂ ಕೇಳುತ್ತಿರಲಿಲ್ಲ. ಅದು ಅವಳಿಗೆ ಹಿಡಿಸಿತು.

ಗುಡಿಯ ಪಕ್ಕದ ಮನೆಯ ಮುದುಕಿ ರಾಮವ್ವ ಮನಸ್ಸು ಬಂದಾಗ ಅಲ್ಲಿ ಕಸ ಹೊಡೆಯುತ್ತಿದ್ದಳು. ಇಬ್ಬರೂ ಮಾತಾಡಿರಲಿಲ್ಲ. ಒಂದು ದಿನ ಶಟರ್ ತೆರೆದಿದ್ದಾಗಲೇ ರಾಮವ್ವ ಕಸಬರಿಗೆ ಹಿಡಿದು ಕ್ಯಾಮೆರಾದ ಮುಂದೆ ಹಾದುಹೋದಳು. ಕೆಟ್ಟಿತೆಂದುಕೊಂಡು ದುರ್ಗಾ ನೋಡಿದರೆ ಕಂಬಗಳು ಸ್ವಚ್ಛವಾಗಿದ್ದವು, ಮುದುಕಿಯ ಸುಳಿವೇ ಇರಲಿಲ್ಲ. ದುರ್ಗಾಳಿಗೆ ಖುಷಿಯೇ ಆಯಿತು. ಅಷ್ಟರಲ್ಲಿ ರಾಮವ್ವ ಬಂದು ಬಗ್ಗಿ ನೋಡಿದಳು.

"ನಾ ಇಲ್ಲೇ ಕಸಾ ಹೊಡ್ಯಾಕ ಹತ್ತಿದ್ನೆಲ್ಲಾ ಅಕ್ಕೋರ, ಎಲ್ಲಿ ಹೋದ್ನಿ?"

ಕಿಂಡಿ ಬಹಳ ಹೊತ್ತು ತೆರೆದಿದ್ದಾಗ ಅಡ್ಡಾಡುವವರ ಗುರುತು ಉಳಿಯುವುದಿಲ್ಲ, ನಿಂತವರಷ್ಟೇ ಬರುತ್ತಾರೆಂದು ದುರ್ಗಾ ತಿಳಿಸಿ ಹೇಳಿದಳು. ರಾಮವ್ವ ಉಳಿದವನ್ನೂ ತೋರಿಸೆಂದಳು. ಕಂಬ, ಮೆಟ್ಟಿಲು, ಬಾಗಿಲು, ಬಾವಿ. ಮುದುಕಿ ಎಲ್ಲವನ್ನೂ ನೋಡಿದಳು.

"ಒಬ್ಬರೂ ಇಲ್ಲಲ್ರಿ ಇದರಾಗ," ಎಂದಳು.

ನಿಮ್ಮದೇ ಒಂದು ತೆಗೆಯುತ್ತೇನೆ, ಕೂತುಕೊಳ್ಳಿರೆಂದು ದುರ್ಗಾ ಮಾತು ತಿರುಗಿಸಿದಳು. ಮೊದಲಿನದರಲ್ಲಿ ರಾಮವ್ವ ಮೊಣಕಾಲು ನೋವಿನ ಕಥೆ ಹೇಳುತ್ತಲೇ ಇದ್ದುದರಿಂದ ಮುಖ ಕಲಸಿಹೋಯಿತು. ಐಎಸ್‌ಒ ಏರಿಸಿ ಶಟರ್ ಹೊತ್ತು ಕಡಿಮೆ ಮಾಡಿದರೆ ಮುಖದ ತುಂಬ ರವೆ. ಕಡೆಗೆ ಮುದುಕಿಯನ್ನು ಬಾಗಿಲ ಬೆಳಕಿಗೆ ಕೂಡಿಸಿ, ಕಿಂಡಿ ಹಿಗ್ಗಿಸಿ, ಐಎಸ್‌ಒ ಇಳಿಸಿ, ಉಸಿರು ಹಿಡಿಯಲು ಹೇಳಿ ತೆಗೆದಳು. ಮೂಗುಬೊಟ್ಟು, ಹಣೆಯ ಗೆರೆಗಳು, ಎಲ್ಲ ಬಂದವು. ದುರ್ಗಾ ತೆಗೆದ ಮೊದಲ ಮುಖ ಅದು.

"ನಿಮ್ಮದ್ಯಾರು ತಗೀತಾರ?" ಎಂದು ಕೇಳಿದಳು ರಾಮವ್ವ.

ಗುಂಡಿ ಒತ್ತುವವಳೇ ತಾನು ಎಂದಳು ದುರ್ಗಾ. ತಾನೇ ಒತ್ತಿಕೊಳ್ಳುವ ಉಪಾಯ ಈ ಯಂತ್ರದಲ್ಲಿ ಇಲ್ಲವೇ ಎಂದು ಮುದುಕಿ ಬಿಡಲಿಲ್ಲ. ಟೈಮರ್ ಇತ್ತು, ಅದು ಬೇಕಾಗಿರಲಿಲ್ಲ ಅಷ್ಟೇ. ಅಷ್ಟರಲ್ಲಿ ಮೋಡ ಕವಿದಿತ್ತು. ಹಿಂದಿನ ಕಂಬಗಳೂ ಬರಲೆಂದು ಕಿಂಡಿ ಮತ್ತೆ ಕಿರಿದು ಮಾಡಿ, ಶಟರ್ ಹೆಚ್ಚು ಹೊತ್ತಿಗೆ ಇಟ್ಟು, ಟೈಮರ್ ಹಾಕಿ, ಓಡಿಹೋಗಿ ರಾಮವ್ವನ ಪಕ್ಕದಲ್ಲಿ ಕೂತಳು.

ಶಟರ್ ತೆರೆದ ಸದ್ದಾಯಿತು. ರಾಮವ್ವ ಹೇಳಿಕೊಟ್ಟಂತೆ ಉಸಿರು ಹಿಡಿದು, ದುರ್ಗಾಳ ಕೈ ಮೇಲೆ ತನ್ನ ಒರಟು ಕೈ ಇಟ್ಟಳು. ಯಾರಾದರೂ ಹೀಗೆ ಮುಟ್ಟಿ ಎಷ್ಟು ಕಾಲವಾಗಿತ್ತೋ. ತಡೆಯಲಾಗದೆ ದುರ್ಗಾ ಮುಖ ಪಕ್ಕಕ್ಕೆ ತಿರುಗಿಸಿದಳು. ಶಟರ್ ಮುಚ್ಚಿತು.

ಫೋಟೊದಲ್ಲಿ ರಾಮವ್ವ ಕಡೆದಿಟ್ಟಂತೆ ಕೂತಿದ್ದಳು. ಪಕ್ಕದಲ್ಲಿ ಒಂದು ಸೀರೆ, ಅದರ ಮೇಲೆ ಹೊಗೆಯಂಥ ಮುಖ.

"ನೀವ ಅಳ್ಳಾಡೀರಿ ನೋಡ್ರಿ," ಎಂದಳು ರಾಮವ್ವ. ಯಾಕೆಂದು ಕೇಳಲಿಲ್ಲ. "ಬರೂ ಐತವಾರ ರೊಟ್ಟಿ ಮಾಡಿರತೇನಿ, ಬರ್ರಿ. ಆವಾಗ ಚಲೋ ತಗಿಯೂಣು."

ಬಸ್ಸಿನಿಂದಿಳಿದು ಖೋಲಿಯ ಬೀಗ ತೆಗೆದು ದೀಪ ಹಾಕುವವರೆಗೂ ದುರ್ಗಾ ಕ್ಯಾಮೆರಾ ತೆರೆಯಲಿಲ್ಲ. ಆಮೇಲೆ ನೋಡಿದಳು. ಕೆಟ್ಟ ಫೋಟೊ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತದೆ ಬೆರಳು ತೆಗೆದಳು. ಎದ್ದು ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದಿಟ್ಟಳು.