ಕತ್ತಿ ಹಿಡಿದವನ ಸೂಜಿಭಯ

ಬೀದಿಯ ಗಂಡಸರ ಗಲ್ಲವೆಲ್ಲ ತಮ್ಮನ ಕೈಯಲ್ಲಿ, ಅವರ ಮಕ್ಕಳ ಆರೋಗ್ಯ ಅಕ್ಕನ ಕೈಯಲ್ಲಿ. ಅಕ್ಕ ಶಾಲೆಯ ನರ್ಸು. ತಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಕಟಿಂಗ್ ಶಾಪ್ ಇಟ್ಟವನು. ಅವನ ಬಾಯಿಗೆ ಬಿಡುವೇ ಇಲ್ಲದ್ದರಿಂದ ಜನ ರೇಡಿಯೋ ಎಂದು ಕರೆಯುತ್ತಿದ್ದರು. ಮುಖಕ್ಕೆ ನೊರೆ ಹಚ್ಚಿ ಕತ್ತಿ ಎತ್ತಿದ ಮೇಲೆ ಗಿರಾಕಿ ಎದುರಾಡುವಂತಿಲ್ಲವಲ್ಲ, ರೇಡಿಯೋಗೆ ಅದೇ ಅನುಕೂಲ.

ಪಕ್ಕದ ಬಡಾವಣೆಯ ಶಾಲೆಯಲ್ಲಿ ದಡಾರ ಹಬ್ಬಿತ್ತು. ಅಲ್ಲಿನ ಒಂದನೇ ತರಗತಿಯ ಹುಡುಗಿಯೊಬ್ಬಳು ಆಸ್ಪತ್ರೆ ಸೇರಿ ಉಸಿರಾಟಕ್ಕೆ ಒದ್ದಾಡುತ್ತಿದ್ದಳು. ಅಕ್ಕನ ಶಾಲೆಯಲ್ಲಿ ಶನಿವಾರ ಲಸಿಕೆ. ಬೇರೆ ಬೀದಿಗಳ ಅಪ್ಪ ಅಮ್ಮಂದಿರೆಲ್ಲ ಒಪ್ಪಿದ್ದರು. ತಮ್ಮನ ಬೀದಿಯವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ರೋಗ ಒಳಗೆ ನುಗ್ಗಲು ಅಷ್ಟೇ ಸಂದಿ ಸಾಕು. ತಮ್ಮನ ಮಗಳೂ ಒಂದನೇ ತರಗತಿಯವಳೇ.

ಗುರುವಾರ ಅಕ್ಕ ಸೀದಾ ಶಾಪಿಗೆ ನುಗ್ಗಿದಳು. ಕುರ್ಚಿಯಲ್ಲೊಬ್ಬ, ಬೆಂಚಿನ ಮೇಲೆ ಮೂವರು. ರೇಡಿಯೋ ಜೋರಾಗಿಯೇ ಇತ್ತು.

"ಚೆನ್ನಾಗಿ ಆಡ್ಕೊಂಡಿರೋ ಮಕ್ಕಳಿಗೆ ಯಾಕ್ರೀ ಚುಚ್ಚಬೇಕು? ನಾನು ಹಾಕಿಸ್ಕೊಂಡೇ ಇಲ್ಲ, ಕಲ್ಲುಗುಂಡಿನ ಹಾಗಿದ್ದೀನಿ ನೋಡಿ!" ಅಕ್ಕನನ್ನು ಕಂಡದ್ದೇ ತಡ, ದನಿ ಇಳಿಯಿತು. "ಬಾ ಅಕ್ಕ. ಟೀ ತರಿಸ್ಲಾ?"

"ಟೀ ಇರಲಿ. ಒಳಗೆ ಬಾ."

ಒಗೆದ ಟವೆಲುಗಳು ನೇತಾಡುತ್ತಿದ್ದ ಹಿಂದಿನ ಕೋಣೆಯಲ್ಲಿ ಅವನಿಗೆ ಚೆನ್ನಾಗಿ ಛೀಮಾರಿ ಹಾಕಬೇಕೆಂದೇ ಅವಳು ಬಂದಿದ್ದಳು. ಆದರೆ ಅವನ ಮುಖ ನೋಡಿದಾಗ ಹಳೆಯದೊಂದು ನೆನಪಾಯಿತು. ಚಿಕ್ಕಂದಿನಲ್ಲಿ ಇಂಜೆಕ್ಷನ್ ಎಂದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ಅಮ್ಮ ಕಾಲು ಹಿಡಿದು ಎಳೆದರೂ ಬರುತ್ತಿರಲಿಲ್ಲ.

"ನಿಜ ಹೇಳೋ," ಎಂದಳು ಮೆಲ್ಲಗೆ. "ನಿಂಗೆ ಲಸಿಕೆ ಮೇಲೆ ಅನುಮಾನಾನೋ, ಸೂಜಿ ಅಂದ್ರೆ ಭಯಾನೋ?"

ಅವನು ಟವೆಲೊಂದನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ದಿನವೆಲ್ಲ ಜನರ ಗಂಟಲ ಮೇಲೆ ಕತ್ತಿ ಆಡಿಸ್ತೀನಿ. ಸೂಜಿ ಕಂಡ್ರೆ ಮಾತ್ರ ಕೈಕಾಲೇ ಆಡಲ್ಲ ಅಕ್ಕ. ಅದನ್ನ ಮಗಳಿಗೆ ಚುಚ್ಚೋದು ಹೇಗೆ ನೋಡ್ಲಿ? ಹೆದರಿಕೆ ಅಂತ ಹೇಳೋಕೆ ನಾಚಿಕೆ. ಅದಕ್ಕೇ ಏನೇನೋ ಹೇಳ್ದೆ."

"ಅದನ್ನೇ ಬೀದಿಯೆಲ್ಲ ನಂಬಿದೆ. ನಾಳೆ ನಮ್ಮ ಮಗು ಉಸಿರಿಗೆ ಒದ್ದಾಡಿದ್ರೆ ಈ ನಾಚಿಕೇನ ಎಲ್ಲಿಡ್ತೀಯೋ?"

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಗಿರಾಕಿಯ ಕಡೆ ನಡೆದ. ಹೊರಬಂದಾಗ ಬೆಂಚಿನವರಿಗೆ ಸತ್ಯ ಹೇಳಿಬಿಡಲೇ ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು. ಎತ್ತಿ ಆಡಿಸಿದ ತಮ್ಮ, ಅವನ ಮಾನ ಕಳೆಯಲು ಮನಸ್ಸು ಬರಲಿಲ್ಲ. ನುಂಗಿಕೊಂಡು ಹೋದಳು.

ಶನಿವಾರ ಉಳಿದ ಬೀದಿಗಳ ಮಕ್ಕಳದೆಲ್ಲ ಬೇಗನೆ ಮುಗಿಯಿತು. ಆಮೇಲೆ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ.

"ಪೆಟ್ಟಿಗೆ ಮುಚ್ಚೋಣ್ವಾ ಸಿಸ್ಟರ್?" ಎಂದರು ಲಸಿಕೆಗೆಂದು ಬಂದಿದ್ದ ಡಾಕ್ಟರು.

"ಇನ್ನೊಂದು ಸ್ವಲ್ಪ ಹೊತ್ತು ಡಾಕ್ಟ್ರೇ," ಎಂದಳು ಅಕ್ಕ. ಯಾವ ಧೈರ್ಯದ ಮೇಲೆ ಹೇಳಿದಳೋ ಅವಳಿಗೇ ಗೊತ್ತಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಗದ್ದಲ. ಶನಿವಾರದ ಭರ್ತಿ ವ್ಯಾಪಾರ ಬಿಟ್ಟು, ಶಾಪಿನ ಶಟರ್ ಎಳೆದು, ಮಗಳ ಕೈ ಹಿಡಿದು ತಮ್ಮ ಬರುತ್ತಿದ್ದ! ಹಿಂದೆ ಮಕ್ಕಳು ಮರಿ ಸಮೇತ ಇಡೀ ಬೀದಿ. "ಶಾಲೇಲೊಂದು ವಿಷ್ಯ ಹೇಳ್ತೀನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ" ಎಂದಷ್ಟೇ ಹೇಳಿ ಬಾಯಿ ಮುಚ್ಚಿದ್ದನಂತೆ. ರೇಡಿಯೋ ಬಾಯಿ ಮುಚ್ಚಿದೆಯೆಂದರೆ ಸುದ್ದಿ ಭಾರಿಯೇ ಇರಬೇಕೆಂದು ಜನ ಎದ್ದು ಬಂದಿದ್ದರು. ಒಬ್ಬನಿಗಂತೂ ಅರ್ಧ ಮುಖದ ಶೇವಿಂಗ್ ಆಗಿತ್ತು, ಇನ್ನರ್ಧದಲ್ಲಿ ನೊರೆ ಒಣಗಿತ್ತು.

ತಮ್ಮ ಬಾಗಿಲಲ್ಲಿ ನಿಂತು ಎಲ್ಲರ ಕಡೆ ತಿರುಗಿದ. "ಕೇಳ್ರಪ್ಪ. ಇಷ್ಟು ದಿನ ನಾನು ಹೇಳಿದ್ದೆಲ್ಲ ಬುರುಡೆ. ನಂಗೆ ಸೂಜಿ ಅಂದ್ರೆ ಭಯ, ಅಷ್ಟೇ ವಿಷ್ಯ. ಡಾಕ್ಟ್ರೇ, ದೊಡ್ಡೋರಿಗೂ ಹಾಕಬಹುದಾ? ಹಾಗಿದ್ರೆ ಮೊದಲು ನಂಗೆ ಹಾಕಿ."

ಅರ್ಧ ಮುಖದವನು ಕೂಗಿದ: "ನಂಗೂ ಭಯಾನೇ ಕಣಯ್ಯ!" ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಡಾಕ್ಟರು ತಮ್ಮನನ್ನು ಒಂದೆರಡು ಪ್ರಶ್ನೆ ಕೇಳಿ ತಲೆಯಾಡಿಸಿದರು. ಅಕ್ಕ ಸಿರಿಂಜು ಎತ್ತಿಕೊಂಡಾಗ ಅವನ ತೋಳು ಬೆವರಿ ತೊಪ್ಪೆಯಾಗಿತ್ತು. ಮಗಳು ಕುರ್ಚಿ ಹತ್ತಿ ತನ್ನ ಪುಟ್ಟ ಅಂಗೈಯಿಂದ ಅವನ ಕಣ್ಣು ಮುಚ್ಚಿದಳು.

"ನೋಡ್ಬೇಡಪ್ಪ. ನಾನಿದ್ದೀನಲ್ಲ."

"ಆಯ್ತು ಕಣೋ," ಎಂದಳು ಅಕ್ಕ.

"ಇಷ್ಟೇನಾ?" ಎಂದು ಅವನು ಅರಚಿದ್ದು ಬೀದಿಯ ತುದಿಗೂ ಕೇಳಿಸಿರಬೇಕು.

ಆಮೇಲೆ ಮಗಳ ಸರದಿ. ಅವಳು ಅಳಲಿಲ್ಲ. ಅತ್ತದ್ದು ಅತ್ತೆ. ಸಾಲು ಗೇಟಿನಾಚೆಗೂ ಬೆಳೆಯಿತು, ಅಳುಮುಂಜಿಗಳನ್ನೆಲ್ಲ ನಗಿಸಲು ರೇಡಿಯೋ ಮತ್ತೆ ಶುರುವಾಯಿತು. ಅವನ ಬಾಯಿಯ ಮೇಲೆ ಅಕ್ಕನಿಗೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ದಡಾರ ಬರದೆ ಇರಲಿಲ್ಲ. ತಿಂಗಳು ಕಳೆದ ಮೇಲೆ, ಆಗಷ್ಟೇ ಶಾಲೆಗೆ ಸೇರಿದ ಮಗುವೊಂದರ ಮೈಮೇಲೆ ಕೆಂಪು ಗುಳ್ಳೆಗಳು ಕಾಣಿಸಿದವು. ಮಗುವನ್ನು ಮನೆಗೆ ಕಳಿಸಿ ಎಲ್ಲರೂ ಜೀವ ಕೈಯಲ್ಲಿ ಹಿಡಿದು ಕಾದರು. ಬೇರೆ ಒಂದು ಮಗುವಿಗೂ ಅದು ತಗಲಲಿಲ್ಲ. ಆ ಮಗು ಗುಣವಾಗಿ ಶಾಲೆಗೆ ಬಂತು, ಪಕ್ಕದ ಬಡಾವಣೆಯ ಹುಡುಗಿಯೂ ಆಸ್ಪತ್ರೆಯಿಂದ ಮನೆ ಸೇರಿದಳು. ಶಾಲೆಗೆ ಒಂದು ದಿನವೂ ಬೀಗ ಬೀಳಲಿಲ್ಲ. ಗೆದ್ದೆವು ಎಂದು ಅಕ್ಕ ತನ್ನ ಕೋಣೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಹೇಳಿಕೊಂಡಳು.

ಬಾಗಿಲಲ್ಲಿ ತಮ್ಮ ನಿಂತಿದ್ದ, ಅಂಗಿಯ ತೋಳು ಮಡಚಿಕೊಂಡು.

"ಅಕ್ಕ, ಎರಡನೇ ಡೋಸ್ ಯಾವಾಗ? ಬೀದಿಯವರು ನನ್ನ ಪ್ರಾಣ ತಿಂತಿದಾರೆ."