ಒಳಗಿನಿಂದ ತೆರೆಯದ ಬಾಗಿಲು

ಕಾರು ಲಾಂಡ್ರಿಯ ಗೇಟಿನ ಮುಂದೆ ನಿಂತಿತು. ಅವಳು ಹಿಂದಿನ ಸೀಟಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಮಕ್ಕಳು ಒಳಗಿನಿಂದ ತೆರೆಯದಿರಲೆಂದು ಲಾಕು ಹಾಕಿಟ್ಟ ಬಾಗಿಲು ಅದು. ಮೂರು ವರ್ಷದಿಂದ, ಕಾರು ಓಡಿಸುವ ಸೂಪರ್‌ವೈಸರೇ ಇಳಿದು ಬಂದು ಹೊರಗಿನಿಂದ ತೆರೆಯುತ್ತಿದ್ದ. ಇವತ್ತು ಅವನು ಇಳಿಯಲಿಲ್ಲ. ಕನ್ನಡಿಯಲ್ಲೇ ಅವಳನ್ನು ನೋಡಿದ.

“ರೋಲರ್‌ಗೆ ಜಾಲರಿ ಇತ್ತು ಅಂತ ಇವತ್ತು ವಿಚಾರಣೇಲಿ ಒಂದು ಮಾತು ಹೇಳ್ಬಿಡಮ್ಮ. ಅಷ್ಟೇ.”

ಇರಲಿಲ್ಲ. ಆಸ್ಪತ್ರೆಯ ಬೆಡ್‌ಶೀಟುಗಳು ಬೇಗ ಬೇಗ ಸಾಗಲೆಂದು ಇಸ್ತ್ರಿ ರೋಲರಿಗೆ ಬೆರಳು ಸಿಗದಂತೆ ತಡೆಯುವ ಜಾಲರಿಯನ್ನು ಅವನೇ ಬಿಚ್ಚಿಸಿದ್ದ. ಹೋದ ವಾರ ಅಕ್ಕನ ಮೂರು ಬೆರಳು ರೋಲರಿನಡಿ ಹೋದವು. ಒಡಹುಟ್ಟಿದ ಅಕ್ಕನಲ್ಲ; ಬೆಡ್‌ಶೀಟಿನ ಆ ತುದಿ ಹಿಡಿಯುತ್ತಿದ್ದವಳು, ಇದೇ ಕಾರಿನ ಮುಂದಿನ ಸೀಟಿನಲ್ಲಿ ಬರುತ್ತಿದ್ದವಳು. ಕಂಡವಳು ಇವಳೊಬ್ಬಳೇ. ಜಾಲರಿ ಇತ್ತೆಂದರೆ ತಪ್ಪೆಲ್ಲ ಅಕ್ಕನ ತಲೆಗೆ.

“ಕಾರಿಲ್ಲದೋರು ಬದುಕಲ್ವೇನೇ? ನಡ್ಕೊಂಡು ಹೋಗು, ನಿಜ ಹೇಳು,” ಎಂದು ಗಂಡ ಹಾಸಿಗೆಯಿಂದಲೇ ಧೈರ್ಯ ತುಂಬಿದ್ದ. ಅವನಿಗೇನು, ಸೊಂಟ ಮುರಿದು ಮಲಗಿದವನು ದಾರಿ ಸವೆಸಬೇಕಾಗಿಲ್ಲ. ಭಾನುವಾರ ಅವಳು ನಡೆದೇ ನೋಡಿದ್ದಳು. ಲಾಂಡ್ರಿಯ ಕಡೆಗೆ ಬಸ್ಸಿಲ್ಲ. ಹೆದ್ದಾರಿಯ ಸೇತುವೆಯ ಮೇಲೆ ಕಾಲಿಡಲು ಗೇಣು ಜಾಗವಿಲ್ಲ. ಲಾರಿಯ ಹಾರ್ನಿಗೆ ಜೀವ ಬಾಯಿಗೆ ಬಂದಿತ್ತು. ಅರ್ಧ ದಾರಿಗೇ ಎರಡು ಗಂಟೆ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ವಿಚಾರಣೆಯ ಕೋಣೆಯಲ್ಲಿ ಕನ್ನಡಕದ ಅಧಿಕಾರಿಣಿ ಪೆನ್ನು ಹಿಡಿದು ಕೇಳಿದಳು. “ಜಾಲರಿ ಇತ್ತಾ?”

ಕಿಟಕಿಯಾಚೆ ಕಾರು ನಿಂತಿತ್ತು.

“ಇತ್ತು ಮೇಡಂ.”

“ನೀವೇ ಕಣ್ಣಾರೆ ನೋಡಿದ್ರಾ?”

“ನೋಡ್ದೆ.”

ತನ್ನ ದನಿ ತನಗೇ ಅಸಹ್ಯವಾಯಿತು.

ಸಂಜೆ ಸೂಪರ್‌ವೈಸರ್ ನಗುನಗುತ್ತಾ ಮುಂದಿನ ಬಾಗಿಲು ತೆಗೆದ. “ಇನ್ಮೇಲೆ ಹಿಂದೆ ಯಾಕೆ? ಇಲ್ಲೇ ಕೂತ್ಕೊಳಮ್ಮ.”

ಅಕ್ಕ ಉದ್ದ ಕಾಲಿನವಳು. ಸೀಟು ಇನ್ನೂ ಅವಳ ಅಳತೆಗೇ ಹಿಂದಕ್ಕೆ ಸರಿದಿತ್ತು. ದಾರಿಯುದ್ದಕ್ಕೂ ಅವನು ಏನೋ ಹಾಡು ಗುನುಗುತ್ತಿದ್ದ. ನಾಳೆಯೂ ಇದೇ ಸೀಟು, ನಾಡಿದ್ದೂ.

ಮನೆಯ ತಿರುವಿನಲ್ಲಿ ಕಾರು ನಿಂತಿತು. ಈ ಬಾಗಿಲಿಗೆ ಲಾಕಿರಲಿಲ್ಲ. ಹಿಡಿ ಅವಳ ಮೊಣಕೈಗೆ ತಾಗುತ್ತಿತ್ತು.

“ಮನೆ ಬಂತಲ್ಲಮ್ಮ, ಇಳಿ,” ಎಂದ ಅವನು.

ಅವಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅವನು ಬಂದು ತೆರೆಯಲೆಂದು ಕಾಯುತ್ತಾ ಕೂತೇ ಇದ್ದಳು.